ಬೆಲ್ಟಿನ ಬಳಿ ಕೂಗಿದ ಕೂಗು

ನವೆಂಬರ್ ೯, ಭಾನುವಾರ

ನಿದ್ರೆ ಹತ್ತಿರ ಸುಳಿಯುತ್ತಿಲ್ಲ. ಬೆಲ್ಟು ಜಾರಿದರೆ ಬೇಗ ಏರಿಸಬಹುದೆಂದು ಇಂದು ಭತ್ತ ಬಡಿಯುವ ಯಂತ್ರದ ಮುಚ್ಚಳ ತೆಗೆದಿಟ್ಟಿದ್ದೆವು. ತಂಗಿ ಮೋಹಿನಿ ಕುತ್ತಿಗೆಗೆ ಸುತ್ತಿಕೊಂಡ ಬೈರಾಸು ಟವೆಲಿನ ತುದಿ ಬೆಲ್ಟಿನತ್ತ ಹಾರುವುದು ಕಂಡಿತು.

"ನಿಲ್ಲಿಸೋ ಯಂತ್ರ!"

ಕೂಗಿದೆ. ಸಿದ್ಧಕಟ್ಟೆಯ ನಾಟಕದಲ್ಲಿ ನಾನು ರಾಕ್ಷಸನಾಗಿ ಗರ್ಜಿಸಿದ ಅದೇ ಸ್ವರ! ಸ್ವಿಚ್ಚಿನ ಬಳಿಯಿದ್ದ ಕೆಲಸದ ಹುಡುಗ ನಿತೇಶ್ ನಕ್ಕುಬಿಟ್ಟ.

"ಓಹೋ, ರಾಕ್ಷಸ ಬಂದ ಮಾರಾಯ! ಇನ್ನೊಂದು ಡೈಲಾಗ್ ಬಿಡಿ ಅಣ್ಣ!"

ಆಳುಗಳು ಚಪ್ಪಾಳೆ ತಟ್ಟುತ್ತಿದ್ದಂತೆಯೇ ಬೆಲ್ಟು ಬೈರಾಸನ್ನು ಸೆಳೆಯಿತು. ನಾನೇ ಹಾರಿ ಸ್ವಿಚ್ ಆರಿಸಿದೆ. ಬಟ್ಟೆ ಹರಿಯಿತು, ಕುತ್ತಿಗೆ ಉಳಿಯಿತು.

"ನಾಳೆ ಮುಚ್ಚಳ ಹಾಕಿಯೇ ಶುರುಮಾಡುವ, ಅಣ್ಣ," ಎಂದಳು ಮೋಹಿನಿ.

ಹಾಕುತ್ತೇನೆ. ಆದರೂ ಮತ್ತೊಮ್ಮೆ ಕೂಗಬೇಕಾಗಿ ಬಂದರೆ ಯಾರು ನಂಬುತ್ತಾರೆ? ಈಗಷ್ಟೇ ಹೊದಿಕೆಯೊಳಗೆ ಮೆಲ್ಲನೆ "ನಿಲ್ಲಿಸು" ಎಂದು ಹೇಳಿ ನೋಡಿದೆ. ಅದೂ ನಾಟಕದಂತೆಯೇ ಕೇಳಿಸಿತು.