ಸೊಂಟಪಟ್ಟಿಯ ಒಳಗಿನ ಹೊಲಿಗೆ

ಯುದ್ಧ ಕೈದಿಗಳ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ. ನಿಮ್ಮ ಶಿಬಿರದಲ್ಲಿ ಜ್ವರದಿಂದ ತೀರಿಕೊಂಡರೆಂದು ನೀವು ತಿಳಿಸಿದ ನಮ್ಮಪ್ಪನ ಪ್ಯಾಂಟು ಬಂದು ತಲುಪಿತು. ಅಮ್ಮ ಎತ್ತಿ ಹಿಡಿದು ನೋಡಿ, "ಇದು ನಿಮ್ಮಪ್ಪಂದಲ್ಲ ಕಣೇ, ಯಾವುದೋ ಹುಡುಗಂದು" ಎಂದು ಪಕ್ಕಕ್ಕಿಟ್ಟರು.

ನಾನು ದರ್ಜಿ. ಕುತೂಹಲ ತಡೆಯಲಾರದೆ ಸೊಂಟಪಟ್ಟಿ ಬಿಚ್ಚಿದೆ. ಒಳಗೆ ನಾನೇ ಹಾಕಿದ್ದ ಹೊಲಿಗೆಯ ಗುರುತಿತ್ತು, ಮೂವತ್ತಾರು ಇಂಚಿನದು. ಆಮೇಲೆ ಎರಡು ಸಲ ಅಪ್ಪ ಕಂಬಳಿಯ ನೂಲು ಎಳೆದು, ಸೊಟ್ಟಸೊಟ್ಟ ಹೊಲಿಗೆ ಹಾಕಿ, ಸೊಂಟ ಚಿಕ್ಕದು ಮಾಡಿಕೊಂಡಿದ್ದಾರೆ. ಅದರ ಮೇಲೆ ಮೂರನೆಯದು, ಕೊನೆಯ ಹೊಲಿಗೆ, ಇಪ್ಪತ್ತನಾಲ್ಕು ಇಂಚು. ಅದು ಮಾತ್ರ ಮೆಷಿನ್ ಹೊಲಿಗೆ, ಒಳ್ಳೇ ಕಸುಬುದಾರನದು.

ಕೈದಿಗಳಿಗೆ ಮೆಷಿನ್ ಎಲ್ಲಿಂದ ಬರಬೇಕು? ಶಿಬಿರದ ದರ್ಜಿಯೇ ಹೊಲಿದಿರಬೇಕು. ನಮ್ಮ ಕಸುಬಿನಲ್ಲಿ ಯಾರೂ ಅಳತೆ ಬರೆದುಕೊಳ್ಳದೆ ಬಟ್ಟೆ ಮುಟ್ಟುವುದಿಲ್ಲ. ಹೆಸರು, ತಾರೀಕು, ಸೊಂಟ ಎಲ್ಲಾ ಪುಸ್ತಕದಲ್ಲಿರುತ್ತದೆ. ದಯವಿಟ್ಟು ಆ ಪುಟದ ನಕಲು ಕಳಿಸಿ.

ಕೈದಿಗಳು ಸೊರಗಿದ್ದು ಸರ್ಕಾರದ ಗಮನಕ್ಕೇ ಬಂದಿರಲಿಲ್ಲವೆಂದು ಬರೆದಿದ್ದೀರಿ. ನಿಮ್ಮ ಟೇಪು ಅವರ ಸೊಂಟ ಸುತ್ತಿದೆಯಲ್ಲ?

ಉತ್ತರ ಮನೆಗೆ ಬೇಡ, ಅಂಗಡಿಯ ವಿಳಾಸಕ್ಕೇ ಬರಲಿ. ಪ್ಯಾಂಟು ಬೇರೆ ಯಾರದೋ ಎಂದೇ ನಂಬಿ ಅಮ್ಮ ಇನ್ನೂ ಬಾಗಿಲ ಕಡೆ ನೋಡುತ್ತಿದ್ದಾರೆ.

ಇಂತಿ,
ಮೂವತ್ತಾರು ಇಂಚಿನವರ ಮಗಳು