ಬೆಣಚುಕಲ್ಲಲ್ಲ, ನೆಫೆಲೀನ್

ಶಿಕಾರಿಪುರ
೧೨-೨-೧೯೯೬

ಮಗಳು ಚೈತ್ರಶ್ರೀಗೆ ಅಪ್ಪನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ತಮಿಳುನಾಡಿನ ಶಿವನ್‌ಮಲೆಯ ಭೂವಿಜ್ಞಾನ ಸರ್ವೆ ಕ್ಯಾಂಪಿನಿಂದ ನೀನು ಕಳಿಸಿದ ಕಲ್ಲಿನ ಪೆಟ್ಟಿಗೆ ಬಂದು ಇಪ್ಪತ್ತು ದಿನವಾಯಿತು. ತಲುಪಿತೆಂದು ಒಂದು ಕಾರ್ಡಾದರೂ ಹಾಕಬೇಕಿತ್ತು, ತಪ್ಪು ನನ್ನದೇ. ಆದರೆ ನಡೆದದ್ದನ್ನೆಲ್ಲ ನಿಧಾನವಾಗಿ ಕೂತು ಬರೆಯಬೇಕೆನಿಸಿತು.

ಪೆಟ್ಟಿಗೆಯನ್ನು ನಾನು ವಿಜ್ಞಾನ ಕಲಿಸುತ್ತಿದ್ದ ಹೈಸ್ಕೂಲಿಗೇ ಒಯ್ದೆ. ನಿವೃತ್ತನಾಗಿ ಮೂರು ವರ್ಷವಾದರೂ ಅಲ್ಲಿ ನನ್ನ ಮಾತು ಇನ್ನೂ ನಡೆಯುತ್ತದೆ. ಈಗಿನ ಮುಖ್ಯೋಪಾಧ್ಯಾಯಿನಿ ರಾಜೇಶ್ವರಮ್ಮ ಹತ್ತನೇ ಕ್ಲಾಸಿನ ಎರಡೂ ಸೆಕ್ಷನ್ನುಗಳನ್ನು ಒಟ್ಟಿಗೆ ಕೂರಿಸಿದರು. ಪೆಟ್ಟಿಗೆಯೊಳಗೆ ನೀನಿಟ್ಟಿದ್ದ ಚೀಟಿಯ ಕಡೆ ಕಣ್ಣು ಹಾಯಿಸದೆಯೇ ಒಂದು ಕಲ್ಲನ್ನು ಎತ್ತಿ ಹಿಡಿದು ನಾನು ಶುರು ಮಾಡಿದೆ. ಬಿಳಿಯದು ಫೆಲ್ಡ್‌ಸ್ಪಾರ್, ಕಪ್ಪು ಚುಕ್ಕೆ ಅಭ್ರಕ, ಎಣ್ಣೆ ಸವರಿದ ಹಾಗೆ ಮಿನುಗುವ ಬೂದು ಹರಳು ಬೆಣಚುಕಲ್ಲು. ಮೂರೂ ಸೇರಿ ಗ್ರಾನೈಟ್ ಎಂದೆ.

ಚೀಟಿ ರಾಜೇಶ್ವರಮ್ಮನ ಕೈಯಲ್ಲಿತ್ತು. "ಸರ್, ಮಗಳು ಬೇರೆನೇ ಬರ್ದಾಳಲ್ರೀ. ಇದ್ರಾಗೆ ಬೆಣಚುಕಲ್ಲು ಒಂದು ಚೂರೂ ಇಲ್ಲ ಅಂತ ಐತಿ" ಎಂದರು.

"ಅವಳು ಹುಟ್ಟೋಕೆ ಮುಂಚಿಂದ ಬೆಣಚುಕಲ್ಲು ನೋಡೀನ್ರೀ ನಾನು" ಎಂದೆ.

"ಹಂಗಾರೆ ನೋಡೇಬಿಡಾಣ ಬರ್ರಿ."

ನೀನು ಬರೆದಿದ್ದ ಹಾಗೆಯೇ ಅವರು ಬೂದು ಹರಳನ್ನು ಬಿಡಿಸಿ ಪುಡಿ ಮಾಡಿ ಒಂದು ಗಾಜಿನ ನಳಿಕೆಗೆ ಹಾಕಿದರು. ಇನ್ನೊಂದಕ್ಕೆ ನಮ್ಮ ಹೊಲದ ಬೆಣಚುಕಲ್ಲಿನ ಪುಡಿ. ಎರಡಕ್ಕೂ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ಬಿಸಿ ಮಾಡಿ, ಆರಲು ಬಿಟ್ಟರು. ಹೊಲದ ಕಲ್ಲಿನ ಪುಡಿ ಹಾಗೆಯೇ ತಳದಲ್ಲಿ ಕೂತಿತ್ತು. ನಿನ್ನದು ಗಂಜಿಯಂತೆ ಗಟ್ಟಿಯಾಗಿ, ನಳಿಕೆ ಓರೆ ಮಾಡಿದರೂ ಹರಿಯಲಿಲ್ಲ. ಎಂಬತ್ತು ಮಕ್ಕಳೂ ನನ್ನ ಮುಖವನ್ನೇ ನೋಡುತ್ತಿದ್ದರು.

"ನಾನು ಹೇಳಿದ್ದು ತಪ್ಪು. ಇದು ನೆಫೆಲೀನ್ ಎಂಬ ಬೇರೆಯೇ ಖನಿಜ. ನನ್ನ ಮಗಳು ಹೇಳಿದ್ದೇ ಸರಿ" ಎಂದೆ. ಆ ಮೇಲೆ ನಿನ್ನ ಚೀಟಿಯನ್ನು ನಾನೇ ಗಟ್ಟಿಯಾಗಿ ಓದಿದೆ: ಈ ಕ್ಷಾರಶಿಲೆಗಳು ಹುಟ್ಟಿದ ಶಿಲಾರಸದಲ್ಲಿ ಸೋಡಿಯಂ ಹೆಚ್ಚು, ಸಿಲಿಕಾ ಕಡಿಮೆ, ಬೆಣಚುಕಲ್ಲಾಗಲು ಸಿಲಿಕಾ ಮಿಗುವುದೇ ಇಲ್ಲ, ಅದಕ್ಕೇ ಅಲ್ಲಿ ನೆಫೆಲೀನ್ ಹುಟ್ಟುತ್ತದೆ, ಅವೆರಡೂ ಒಂದೇ ಕಲ್ಲಿನಲ್ಲಿ ಕೂಡಿ ಹುಟ್ಟುವುದಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ಕೋಣೆಯಲ್ಲಿ ಅಷ್ಟು ಹೆಮ್ಮೆಯಿಂದ ನಾನು ಏನನ್ನೂ ಓದಿರಲಿಲ್ಲ.

ಸಂಜೆ ನಿನ್ನ ಅವ್ವನಿಗೆ ಹೇಳಿದಾಗ ಅವಳೂ ಪೆಟ್ಟಿಗೆ ಬಿಚ್ಚಿ ಕೂತಳು. ಆರು ಮೂಲೆಯ ಕುರುಂದದ ಹರಳನ್ನು ಕೈಗೆತ್ತಿಕೊಂಡು, "ನಮ್ ಚಂದ್ರಗುತ್ತೀಲಿ ಸಾಣೆ ಹಿಡಿಯೋರು ಇದರ ಪುಡೀನೇ ತರ್ತಿದ್ರು. ಇದನ್ನ ಅವಳೇ ಒಡೆದು ತೆಗ್ದಿದ್ದಾ?" ಎಂದು ಎರಡು ಸಲ ಕೇಳಿದಳು.

ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಿಕೋ. ನಿನ್ನ ನಕ್ಷೆಯ ಬಗ್ಗೆ ಹಿರಿಯ ಅಧಿಕಾರಿಗಳು ತಕರಾರು ಎತ್ತಿದರೆ ಹೆದರಬೇಡ. ಕಣ್ಣಾರೆ ಕಂಡದ್ದನ್ನೇ ಹೇಳು. ಗೆದ್ದು ಬರುತ್ತೀ, ನನಗೆ ಸಂಶಯವಿಲ್ಲ. ಮಲ್ಲಿಕಾರ್ಜುನ ಸ್ವಾಮಿ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಗಂಗಾಧರಪ್ಪ

ವಿ.ಸೂ.: ಮಕ್ಕಳೆದುರು ಒಪ್ಪಿಕೊಂಡ ತಪ್ಪು ಸಣ್ಣದು. ಐದು ವರ್ಷದ ಹಿಂದೆ ನಿನಗೆ ಮೊದಲು ಸಿಕ್ಕಿದ್ದ ಎಂ.ಎಸ್ಸಿ. ಸೀಟಿನ ಕಾಗದವನ್ನು ಬಚ್ಚಿಟ್ಟವಳು ಅವ್ವ ಅಲ್ಲ. ಹೆಣ್ಣುಮಗಳು ಗುಡ್ಡ ಅಲೆಯುವುದು ಬೇಡವೆಂದು ನಾನೇ ಅದನ್ನು ಹರಿದು ಹಾಕಿದೆ. ನಿನ್ನ ಒಂದು ವರ್ಷ ಹಾಳಾಯಿತು. ನೀನು ಅವಳ ಮೇಲೆ ಕೂಗಾಡಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಅವಳಿಗೆ ಎಲ್ಲ ಗೊತ್ತಿತ್ತು, ಅವಳೂ ಹೇಳಲಿಲ್ಲ. ಅಂದಿನಿಂದ ನೀನು ಅವಳಿಗೆ ಒಂದು ಸಾಲೂ ಬರೆದಿಲ್ಲ. ಇಷ್ಟನ್ನೂ ಈಗ ಅವಳಿಗೆ ಓದಿ ಹೇಳಿದೆ. "ಕೊನೇದನ್ನ ಹೊಡೆದು ಹಾಕ್ರೀ, ಮಗಳಿಗೆ ಅಪ್ಪನಾದ್ರೂ ಇರ್ಲಿ" ಎಂದಳು. ನಾನು ಹೊಡೆದು ಹಾಕಿಲ್ಲ.