ಕ್ಯಾಸಲ್‌ರಾಕಿನ ನ್ಯೂಟ್

11-7-1961, ಮಂಗಳವಾರ
ಮತ್ತೆ ಅಳತೆ. ಮೂತಿಯಿಂದ ಬಾಲದ ತುದಿಗೆ ಆರೂವರೆ ಇಂಚು. ಪಕ್ಕೆಗುಂಟ ಗುಳ್ಳೆಗಳ ಸಾಲು. ನೋಡಲು ಹಲ್ಲಿ, ಕುಲದಿಂದ ಕಪ್ಪೆಯ ಬಳಗ — ನ್ಯೂಟ್. ನಮ್ಮ ದೇಶದಲ್ಲಿ ಇರುವುದು ಡಾರ್ಜಿಲಿಂಗ್ ಕಡೆಯ ಬೆಟ್ಟಗಳಲ್ಲಿ. ಆದರೆ ನಮ್ಮ ಕಾಲೇಜು ಮ್ಯೂಜಿಯಮ್ಮಿನ ಬಾಟಲಿಯ ಚೀಟಿ ಹೇಳುವುದು 'ಕ್ಯಾಸಲ್‌ರಾಕ್, 1938'. ಧಾರವಾಡದಿಂದ ಅರ್ಧ ದಿನದ ರೈಲು! ಖರೇ ಆದರೆ ಹೊಸ ಪ್ರಭೇದ. ಗೈಡ್ ವೆಂಕಣ್ಣ ಸರ್ ಲೇಖನ ಬರೆದಾಗಿದೆ. ನನಗೆ ಪಿಎಚ್.ಡಿ.

14-7-1961
ಮ್ಯೂಜಿಯಮ್ಮಿನ ಜವಾನ ಮೈಲಾರಪ್ಪ ಬಾಟಲಿ ಒರೆಸುತ್ತ ಅಂದ — "ರಮಾಕಾಂತ ಸಾಹೇಬ್ರ, ಇದು ಡಾರ್ಜಿಲಿಂಗದ್ದರಿ. ಪಾರ್ಸಲ್ ನಾನ ಬಿಚ್ಚೇನಿ. ಹಳೇ ಚೀಟಿ ಕೊಳತ ಮ್ಯಾಲ ಯಾರೋ ಬ್ಯಾರೇ ಬಾಟ್ಲಿದು ಹಚ್ಚ್ಯಾರ." ರಜಿಸ್ಟರ್ ತೆಗೆದು ಬೆರಳಿಟ್ಟು ತೋರಿಸಿದ. ಖರೇ. ಕ್ಯಾಸಲ್‌ರಾಕಿನಿಂದ ಬಂದದ್ದು ಒಂದು ಹಾವುರಾಣಿ, ಅಷ್ಟೇ.

17-7-1961, ಸಂಜೆ
ಸರ್‌ಗೆ ಹೇಳಿದೆ. ಮೈಲಾರಪ್ಪನ ಹೆಸರು ಎತ್ತಬಾರದಿತ್ತು... ಅವನನ್ನು ಕರೆಸಿದರು.
"ಕಸಾ ಹೊಡಿಯಾಂವ ನನಗ ಶಾಸ್ತ್ರ ಕಲಸ್ತೀಯೇನೋ?"
"ರಜಿಸ್ಟರದಾಗ ಐತ್ರಿ—"
ಮುಗಿಸಲು ಬಿಡಲಿಲ್ಲ. ಕಬ್ಬಿಣದ ಸ್ಟ್ಯಾಂಡ್ ಎತ್ತಿ ಕಿವಿಯ ಮೇಲೆ ಬೀಸಿದರು. ಕುಸಿದ. ಬಿದ್ದವನನ್ನು ಬೂಟುಗಾಲಿನಿಂದ ಒದ್ದರು — ಎರಡು, ಮೂರು. ಕಿವಿಯಿಂದ ರಕ್ತ. ರಜಿಸ್ಟರಿನ ಹಾಳೆ ಹರಿದು ಬರ್ನರಿಗೆ ಹಿಡಿದರು. ನಾನು ಗೋಡೆಗೆ ಆತು ನಿಂತಿದ್ದೆ. ಆಮೇಲೆ ಅವರು ಬರೆದ ಕಾಗದಕ್ಕೆ ಸಹಿಯನ್ನೂ ಮಾಡಿದೆ: 'ಸ್ಟೂಲಿನಿಂದ ಜಾರಿ ಬಿದ್ದ.'

6-8-1961, ರವಿವಾರ
ಇಷ್ಟು ದಿನ ಬರೆಯಲು ಕೈ ಬರಲಿಲ್ಲ. ಇವತ್ತು ಮೈಲಾರಪ್ಪನ ಹೆಂಡತಿ ಸಾವಕ್ಕ ರೂಮಿಗೆ ಬಂದಳು.
"ಎಡಗಿವಿ ಪೂರಾ ಹೋತ್ರಿ. ಎದ್ದು ನಿಂತ್ರ ತಲಿ ತಿರಗಿ ಬೀಳ್ತಾರ. ನೀವು ಅಲ್ಲೇ ಇದ್ರಂತಲ್ಲರಿ. ಏನಂತ ಬರಕೊಟ್ರಿ?"
"ಜಾರಿ ಬಿದ್ದ ಅಂತ."
ಕೆನ್ನೆಗೆ ಫಟಾರನೆ ಬಿಟ್ಟಳು. ತುಟಿ ಒಡೆಯಿತು. "ಓದಿದಾಂವಾ!" ಅಂದು ಹೊರಟುಹೋದಳು.

7-8-1961, ಬೆಳಿಗ್ಗೆ 11
ಪ್ರಿನ್ಸಿಪಾಲರ ಕೋಣೆಗೆ ಹೊರಟಿದ್ದೆ. ಕಾರಿಡಾರಿನಲ್ಲಿ ಸರ್ ಕಾಲರ್ ಹಿಡಿದರು.
"ಥೀಸಿಸ್ ಬ್ಯಾಡಾಗ್ಯದೇನು? ಸುಟ್ಟುಬಿಡ್ತೀನಿ."
"ಸುಡ್ರಿ."
ತಲೆಯನ್ನು ಗೋಡೆಗೆ ಅಪ್ಪಳಿಸಿದರು. ಕಣ್ಣು ಕತ್ತಲೆ. ನಾನೂ ಗುದ್ದಿದೆ, ಮುಖಕ್ಕೇ. ಕನ್ನಡಕ ಪುಡಿಪುಡಿ. ಹುಟ್ಟಿದಾಗಿನಿಂದ ಯಾರ ಮೇಲೂ ಕೈ ಎತ್ತಿದವನಲ್ಲ. ಸಂತೋಷವಾಯಿತು — ಅದೇ ಹೆದರಿಕೆ.
ಈಗ ಪ್ರಿನ್ಸಿಪಾಲರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೇನೆ. ಬೆರಳ ಗಿಣ್ಣು ಬಾತಿದೆ, ಪೆನ್ನು ನಿಲ್ಲುತ್ತಿಲ್ಲ. ಸರ್ ಒಳಗೆ ಕೂಗಾಡುತ್ತಿದ್ದಾರೆ. ನನ್ನ ಹೇಳಿಕೆ ಜೇಬಿನಲ್ಲಿದೆ: ನ್ಯೂಟ್ ಡಾರ್ಜಿಲಿಂಗಿನದು, ಮೈಲಾರಪ್ಪ ಬಿದ್ದಿಲ್ಲ, ಹೊಡೆದರು, ನಾನು ನೋಡಿಯೂ ಸುಳ್ಳಿಗೆ ಸಹಿ ಹಾಕಿದೆ.
ಕೂಗಾಟ ನಿಂತಿತು. ಬಾಗಿಲು ತೆರೆಯಿತು. ಪ್ರಿನ್ಸಿಪಾಲರು.
"ರಮಾಕಾಂತ, ಒಳಗ ಬರ್ರಿ."
ಹೇಳಿಕೆ ತೆಗೆದುಕೊಂಡು ಒಳಗೆ ಹೋಗು—